ಅಮ್ಮ, ಕೇಳ್ತಾ?

ತಣ್ಣಗಿದೆ ಸ್ಟೀಲಿನ ಬಳೆ, ಕಿವಿಗೆ ತಗಲುತ್ತಲೇ ಮೈ ಜುಮ್ಮೆನ್ನುತ್ತದೆ, ಒಂಬತ್ತು ವರ್ಷದಿಂದಲೂ ಹೀಗೇ, ಮದುವೆಮನೆ ಬಾಣಲೆಯನ್ನು ಎತ್ತಿ ನಿಲ್ಲಿಸಿದ ಹಾಗೆ ಆಳೆತ್ತರದ ಒಂದು ತಟ್ಟೆ, ಅದರ ಮುಂದೆ ಕಂಬಿಗೆ ಕೂರಿಸಿದ ಈ ಬಳೆ, ಸೈನ್ಸ್ ಮ್ಯೂಸಿಯಂ ಹಾಲಿನ ಆ ತುದಿಯಲ್ಲಿ ಇಂಥದೇ ಇನ್ನೊಂದು, ಅಲ್ಲಿ ಪಿಸುಗುಟ್ಟಿದ್ದು ಅರವತ್ತು ಹೆಜ್ಜೆ ದಾಟಿ ಬಂದು ಇಲ್ಲಿ ಕಿವಿಯೊಳಗೇ ಹೇಳಿದ ಹಾಗೆ ಕೇಳುತ್ತದೆ — ಮಧ್ಯೆ ನಿಂತವರಿಗೆ ಏನೂ ಇಲ್ಲ — ಧನ್ಯಾ ಎರಡನೇ ಕ್ಲಾಸಿನಲ್ಲಿದ್ದಾಗ ಬಳೆಗೆ ಬಾಯಿ ಎಟುಕದೆ ತುದಿಗಾಲಲ್ಲಿ ನಿಲ್ಲುತ್ತಿದ್ದಳು, ತಟ್ಟೆಯ ಕಡೆ ಮುಖ, ನನ್ನ ಕಡೆ ಬೆನ್ನು, ಚಪ್ಪಲಿಯಿಂದ ಮೇಲೆದ್ದ ಎರಡು ಪುಟ್ಟ ಹಿಮ್ಮಡಿ, ಅಮ್ಮ, ಕೇಳ್ತಾ? ಕೇಳ್ತು ಕಣೇ, ಹೇಳು — ಅದೇ ನಮ್ಮ ಆಟ, ತಿಂಗಳಿಗೆರಡು ಭಾನುವಾರ ಸುಂಕದಕಟ್ಟೆಯಿಂದ ಬಸ್ಸು ಹತ್ತಿ ಬಂದು ಆಡುವ ಆಟ, ಇವತ್ತೂ ಅದಕ್ಕೇ ಬಂದೆ, ಮೆಂಬರ್ ಕಾರ್ಡು ಹೊಸದು ಮಾಡಿಸಿಕೊಂಡು ಬರ್ತೀನಿ ಅಂತ ಅಪ್ಪ ಮಗಳನ್ನು ಬಿಟ್ಟು ಕೆಳಗೆ ಹೋದರೆ ಕೌಂಟರಿನ ರಕ್ಷಾ, ಸಿಸ್ಟಮ್ ಸ್ಲೋ ಇದೆ ಆಂಟಿ, ಅರ್ಧ ಗಂಟೆ ಬಿಟ್ಟು ಬನ್ನಿ ಅಂದಳು, ಧನ್ಯಾಳ ಫೋಟೊ ಅಂಟಿಸಿದ ಫಾರಂ ಹಿಡಿದುಕೊಂಡೇ ಹತ್ತಿ ಬಂದೆ, ಇಬ್ಬರೂ ಆ ತಟ್ಟೆಗೆ ಮುಖ ಮಾಡಿ ನಿಂತಿದ್ದರು, ಹಿಂದಿನಿಂದ ಪಿಸುಗುಟ್ಟಿ ಬೆಚ್ಚಿಬೀಳಿಸೋಣ ಅಂತ ಈ ಬಳೆಯ ಹತ್ತಿರ ಕೂತೆ, ಬಾಯಿ ತೆರೆಯುವ ಮೊದಲೇ ಕಿವಿಗೆ ಬಿತ್ತು, ಅಪ್ಪ, ನಾಳೆ ಕಾಲೇಜು ಶುರು, ಅಮ್ಮಂಗೆ ಯಾವಾಗ ಹೇಳ್ತೀರಾ? ಹೇಳೋಣ ಇರು, ಇವತ್ತು ಬೇಡ, ಇವತ್ತು ನಿಮ್ಮಮ್ಮನ ಮ್ಯೂಸಿಯಂ ದಿನ, ಸೈನ್ಸ್ ಅಲ್ಲ ಕಾಮರ್ಸ್ ಅಂತ ಗೊತ್ತಾದ್ರೆ ನಂಗೆ ಉಳಿಗಾಲ ಇಲ್ಲ.

ಕಾಮರ್ಸ್. ಯಾರದೋ ಮನೆಯ ಸುದ್ದಿ ಇರಬೇಕು ಅನ್ನಿಸಿತು ಒಂದು ಕ್ಷಣ, ಆದರೆ ಆ ಬೆನ್ನು ನನ್ನ ಗಂಡ ಕಾಂತರಾಜುದು, ನಾನೇ ಇಸ್ತ್ರಿ ಮಾಡಿದ ಶರ್ಟು, ಕಾಲೇಜಿನ ಅರ್ಜಿ ನಾನು ಹಾಕ್ತೀನಿ ಬಿಡು ಕುಸುಮಾ, ನಿಂಗೆ ಡ್ಯೂಟಿ ಅಂದಿದ್ದನಲ್ಲ, ಎಂಥ ಕಾಳಜಿ ಅಂದುಕೊಂಡಿದ್ದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು, ಪಕ್ಕದಲ್ಲಿ ಮರಿಯನ್ನೂ ಕೂರಿಸಿಕೊಂಡು, ನಾನೋ ಗಾರ್ಮೆಂಟ್ಸಿನಲ್ಲಿ ಇಡೀ ಲೈನಿಗೆ ಡಂಗುರ ಸಾರಿದ್ದೇನೆ, ನನ್ನ ಮಗಳು ಸೈನ್ಸು ಅಂತ, ಊಟದ ಹೊತ್ತಿನಲ್ಲಿ ಕೂತು ಬಿಳಿ ಕೋಟು ಹೊಲಿದಿದ್ದೇನೆ, ಯಾರಿಗಕ್ಕ ಇದು ಅಂದ ಸೂಪರ್‌ವೈಸರ್ ಮಹೇಶ್, ಮಗಳು ಲ್ಯಾಬಿಗೆ ಹಾಕ್ಕೊಳ್ಳೋಕೆ ಅಂದೆ, ಬೆಳೆಯುವ ಹುಡುಗಿ ಅಂತ ಅಂಚಿನಲ್ಲಿ ಎರಡು ಇಂಚು ಬಟ್ಟೆ ಮಡಿಸಿ ಬಿಟ್ಟಿದ್ದೇನೆ — ನಿನ್ನೆ ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ಒಂದು ಸುತ್ತು ತಿರುಗಿದಳಲ್ಲ, ಸೂಪರಾಗಿದೆ ಅಮ್ಮ, ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾಳೆ ನನ್ನ ಮಗಳು, ಕೋಟು ನೋಡಿ ಅಳು ಬಂತಪ್ಪ ಅನ್ನುತ್ತಿದ್ದಾಳೆ ಈಗ, ಅವನಿಗೆ ಹೇಳುತ್ತಾಳೆ, ನನಗಲ್ಲ, ಅವನು ಕೇಳುತ್ತಾನೆ, ಹೋಗ್ಲಿ ಇಲ್ಲಿಗೆ ಬರೋದಾದ್ರೂ ನಿಂಗಿಷ್ಟ ಇತ್ತೇನೇ? ಮೊದ್ಲು ಇತ್ತಪ್ಪ, ಐದನೇ ಕ್ಲಾಸಿಂದ ಬೋರು, ಅಮ್ಮ ಖುಷಿಯಾಗಿರ್ತಾಳೆ ಅಂತ ಬರ್ತಿದ್ದೆ, ಅವಳಿಗೋಸ್ಕರ ಆಶ್ಚರ್ಯ ಪಡ್ತಿದ್ದೆ.

ಅವಳಿಗೋಸ್ಕರ. ಕರೆಂಟಿನ ಗುಂಡು ಮುಟ್ಟಿ ಕೂದಲು ನಿಮಿರಿ ನಿಂತಾಗ ಕಣ್ಣರಳಿಸಿದ್ದು ಯಾವ ಕ್ಲಾಸಿನಲ್ಲಿ, ನಾಲ್ಕೋ ಐದೋ, ತಿರುಗುವ ಕುರ್ಚಿಯಲ್ಲಿ ಸೈಕಲ್ ಚಕ್ರ ಹಿಡಿದು ಹೋ ಅಂತ ಕೂಗಿದ್ದು, ಅದು ಆರನೆಯದು, ಹಾಗಾದರೆ ಅದು ನಾಟಕ, ಲೆಕ್ಕ ಹಾಕುತ್ತಾ ಕೂತಿದ್ದೇನೆ, ಇದು ನಿಜ ಇದು ಸುಳ್ಳು ಅಂತ ಕಲ್ಲು ಆರಿಸುವ ಹಾಗೆ — ನನ್ನ ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆಯ ವಾರವೇ ಮದುವೆ ಇಟ್ಟರು, ಹಾಲ್‌ಟಿಕೆಟ್ಟು ಇನ್ನೂ ಬೀರುವಿನಲ್ಲಿದೆ, ಅವತ್ತು ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ, ಇವತ್ತೂ ಕೇಳಲಿಲ್ಲ, ನಾನು ಅವಳನ್ನು ಕೇಳಿದ್ದೆನೇ, ಒಂಬತ್ತು ವರ್ಷ ಕೇಳ್ತು ಕೇಳ್ತು ಅಂದಿದ್ದೇ ಬಂತು, ಆದರೂ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಮುಂಡೇದು, ಬೈದು ಅತ್ತು ಸುಮ್ಮನಾಗುತ್ತಿದ್ದೆ, ಇಬ್ಬರೂ ಸೇರಿಕೊಂಡು ನನ್ನನ್ನು ಮಗು ಮಾಡಿ ಆಟ ಆಡಿಸಿಬಿಟ್ಟರು — ತಿರುಗಿದಳು, ನನ್ನನ್ನು ನೋಡಿದಳು, ಈಗತಾನೇ ಬಂದು ಕೂತೆ ಅಂದುಕೊಂಡಿದ್ದಾಳೆ, ನಗುತ್ತಾ ಕೈ ಬೀಸುತ್ತಾಳೆ, ಅಪ್ಪನನ್ನು ಪಕ್ಕಕ್ಕೆ ತಳ್ಳಿ ಮತ್ತೆ ಬಳೆಗೆ ಬಾಯಿ ಕೊಡುತ್ತಾಳೆ, ಅಮ್ಮ, ಕೇಳ್ತಾ? ಫಾರಂ ಮುದುಡಿದೆ ಮುಷ್ಟಿಯಲ್ಲಿ, ಕೇಳ್ತು ಅನ್ನಬೇಕು, ಅಮ್ಮ, ಕೇಳ್ತಾ? ನನಗಿಂತ ಒಂದು ಗೇಣು ಎತ್ತರ ಈಗ, ಆ ಬಳೆಗೆ ಬಗ್ಗಬೇಕು ಅವಳು, ಬಗ್ಗಿದ್ದಾಳೆ, ಬಗ್ಗಿಕೊಂಡೇ ತುದಿಗಾಲಲ್ಲಿ ನಿಂತಿದ್ದಾಳೆ, ನಾನು ನೋಡಲಿ ಅಂತ, ಐದನೇ ಕ್ಲಾಸಿನಲ್ಲೇ ಎಟುಕುತ್ತಿತ್ತು, ಐದರಿಂದಲೂ ಹೀಗೇ, ಚಪ್ಪಲಿಯಿಂದ ಮೇಲೆದ್ದ ಆ ಎರಡು ಹಿಮ್ಮಡಿ, ಅಮ್ಮ, ಕೇಳ್ತಾ, ಆ ಎರಡು ಹಿಮ್ಮಡಿ