ಗಾಂಧಾರದಲ್ಲಿ ಒಬ್ಬಳೇ

ನನಗೆ ಅಹಂಕಾರವಿದೆಯೇನೋ ಎಂಬ ಅನುಮಾನ ಈಚೆಗೆ ಶುರುವಾಗಿದೆ. ಯಾರಿಗೂ ಹೇಳಿಲ್ಲ, ಹೇಳುವಂಥದ್ದೂ ಅಲ್ಲ. ಮೈಕು ಕಂಡರೆ ಕಂಬದ ಹಿಂದೆ ನಿಲ್ಲುವವಳು ನಾನು. ಬಸ್ಸಿನಲ್ಲಿ ‘ಇಳೀತೀನಿ’ ಎಂದು ಕೂಗಲಾರದೆ ಮುಂದಿನ ಸ್ಟಾಪಿನವರೆಗೆ ಹೋಗಿ ಬಿಸಿಲಿನಲ್ಲಿ ವಾಪಸು ನಡೆದು ಬಂದವಳು. ಅಂಥ ನನಗೆ, ನಾಲ್ಕು ಜನ ಕೂಡಿ ಹಾಡುವಾಗ, ಬೇರೆ ಯಾರೂ ಇಲ್ಲದ ಸ್ವರದಲ್ಲಿ ಒಬ್ಬಳೇ ನಿಲ್ಲಬೇಕು ಅನ್ನಿಸುತ್ತದೆ. ನಿಂತಾಗ ಮೈಯೆಲ್ಲ ಹಗುರವಾಗುತ್ತದೆ. ಇದು ಅಹಂಕಾರವಲ್ಲದೆ ಮತ್ತೇನು?

ಬಿ.ಎ. ಮುಗಿಸಿ ಈಗ ಕಡೂರಿನಲ್ಲಿ ಬಿ.ಎಡ್. ಓದುತ್ತಿದ್ದೇನೆ. ಅಜ್ಜಂಪುರದಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ಅದೇ ರೈಲಿನಲ್ಲಿ, ಅದೇ ಊರಿನ ಶಿವಪ್ರಸಾದನೂ ಬರುತ್ತಾನೆ. ಹಾರ್ಮೋನಿಯಂ ನುಡಿಸುವವನು, ಮಾತು ಜಾಸ್ತಿ. ಈ ಸಲ ತರೀಕೆರೆಯಲ್ಲಿ ಬಿ.ಎಡ್. ಕಾಲೇಜುಗಳ ಸಮೂಹಗಾಯನ ಸ್ಪರ್ಧೆ ಎಂದು ಗೊತ್ತಾದ ದಿನವೇ ಅವನು ತಂಡ ಕಟ್ಟಿಬಿಟ್ಟ. ಮುಖ್ಯ ದನಿ ತರೀಕೆರೆಯ ಕೋಮಲಾಳದು. ಕೆಳಗಿನ ಗಂಡುದನಿ ಬೀರೂರಿನ ಕಾಂತರಾಜುವಿನದು. ನನ್ನನ್ನು ಸೇರಿಸಿಕೊಂಡದ್ದು ‘ಹಿಂದೆ ನಿಂತ್ಕೊಂಡು ಹಾಡಿದ್ರೆ ಸಾಕು’ ಎಂಬ ಕರಾರಿನ ಮೇಲೆ.

ಹಾಡು ನಮ್ಮ ಮಲ್ಲಿಕಾಂಬ ಮೇಡಂ ಬರೆದದ್ದು: ‘ಹೊಂಗೆ ಚಿಗುರಿತು ದಾರಿಯ ತುಂಬ, ನೆರಳಿಗೆ ಬಾರೋ ದಣಿದವನೇ.’ ರಾಗವನ್ನೂ ಅವರೇ ಹಾಕಿದ್ದರು. ಸರಳ, ಸಲೀಸು.

ಕಡೂರಿನಿಂದ ಬೀರೂರಿನವರೆಗೆ ನಮ್ಮೆಲ್ಲರದೂ ಒಂದೇ ದಾರಿ. ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ. ನಮ್ಮ ನಮ್ಮ ರೈಲು ಬರುವವರೆಗೆ ಪ್ಲಾಟ್‌ಫಾರಂನಲ್ಲಿ ಕೂತು ಮಂಡಕ್ಕಿ ತಿನ್ನುತ್ತಾ ಅಭ್ಯಾಸ ಮಾಡುತ್ತಿದ್ದೆವು. ಕಾಂತರಾಜುವಿಗೆ ಅಲ್ಲಿಂದ ಮನೆ ಕೂಗಳತೆ. ಆದರೂ ಎದ್ದು ಹೋಗುತ್ತಿರಲಿಲ್ಲ.

ಒಂದು ಸಂಜೆ ಕೋಮಲಾ ‘ನೆರಳಿಗೆ ಬಾರೋ’ ಎಂದು ಎಳೆದು ಪಂಚಮದಲ್ಲಿ ನಿಂತಳು. ನಾನು ಮಂಡಕ್ಕಿ ಪೊಟ್ಟಣ ನೋಡುತ್ತಾ, ನನಗೇ ತಿಳಿಯದಂತೆ, ಅವಳಿಗಿಂತ ಕೆಳಗೆ ಗಾಂಧಾರದಲ್ಲಿ ಗುನುಗುತ್ತಿದ್ದೆ. ಶಿವಪ್ರಸಾದ ಮಂಡಕ್ಕಿ ಅಗಿಯುವುದನ್ನೇ ನಿಲ್ಲಿಸಿದ.

“ಲೇ, ಇದೇ ಕಣ್ರೋ ಹಾರ್ಮನಿ ಅಂದ್ರೆ! ಹೋದ್ಸಲ ಫಸ್ಟ್ ಬಂದೋರು ಹಾಡಿದ್ದು ಹಿಂಗೇ. ಬೇರೆ ಬೇರೆ ಸ್ವರ, ಒಟ್ಟಿಗೆ. ಸುಮನಾ, ಇನ್ನೊಂದ್ಸಲ ಹಾಡೇ.”

ನಾನು ಪೊಟ್ಟಣದೊಳಗೆ ಮುಖ ಹುದುಗಿಸಿಕೊಂಡೆ. ಆದರೆ ಮನಸ್ಸಿನೊಳಗೆ ಆ ಗಾಂಧಾರ ಆಗಲೇ ಚಾಪೆ ಹಾಸಿಕೊಂಡು ಕೂತಾಗಿತ್ತು. ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಇಡೀ ಹಾಡಿಗೆ ಎರಡನೆಯ ದನಿ ಕಟ್ಟಿದೆ. ಕೋಮಲಾ ಏರಿದಲ್ಲಿ ನಾನು ನಿಲ್ಲುವುದು, ಅವಳು ನಿಂತಲ್ಲಿ ನಾನು ಒಂದು ಮೆಟ್ಟಿಲು ಇಳಿಯುವುದು, ‘ಬಾರೋ’ ಬಂದಾಗ ಅವಳು ಪಂಚಮ, ನಾನು ಗಾಂಧಾರ, ಕಾಂತರಾಜು ತಳದಲ್ಲಿ ಷಡ್ಜ. ಅಮ್ಮ ಬಂದು, “ತೊಳೆದಿದ್ದನ್ನೇ ಎಷ್ಟು ಸಲ ತೊಳೀತೀಯೇ?” ಎಂದಳು.

ಕೇಳುವುದಕ್ಕೆ ಸುಲಭ. ಹಾಡಲು ಹೋದಾಗ ಗೊತ್ತಾಯಿತು, ನಮ್ಮ ತಂಡಕ್ಕೆ ಅದು ಆಗದ ಕೆಲಸ. ಯಾರಿಗೂ ಸ್ವರಜ್ಞಾನ ಇಲ್ಲದ್ದರಿಂದಲ್ಲ. ಎಲ್ಲರಿಗೂ ಸಂಸ್ಕಾರ ಜಾಸ್ತಿ ಇದ್ದದ್ದರಿಂದ.

ಕೋಮಲಾ ಬೆಳೆದದ್ದು ಅವಳಮ್ಮನ ಭಜನಾ ಮಂಡಳಿಯಲ್ಲಿ. ಶಿವಪ್ರಸಾದನ ಮನೆಯಲ್ಲಿ ಪ್ರತಿ ಸೋಮವಾರ ಭಜನೆ. ಅಲ್ಲೊಂದು ರೂಢಿ ಇದೆ: ಯಾರಾದರೂ ಶ್ರುತಿ ಬಿಟ್ಟು ಅಲೆದರೆ ಬೈಯುವುದಿಲ್ಲ, ನಗುವುದಿಲ್ಲ. ಪಕ್ಕದವರು ಅವರ ಕಡೆ ಸ್ವಲ್ಪ ವಾಲಿ, ಅವರ ದನಿಗೆ ದನಿ ಕೊಟ್ಟು, ಮೆಲ್ಲಗೆ ಕರೆದುಕೊಂಡು ಬರುತ್ತಾರೆ. ಕಾಂತರಾಜು ಹಾಡಿದ್ದು ಊರಿನ ಜಯಂತಿ ಮೆರವಣಿಗೆಗಳಲ್ಲಿ. ಅಲ್ಲೂ ಹಿಂದೆ ಬಿದ್ದವರನ್ನು ಬಿಟ್ಟು ಮುಂದಿನ ಸಾಲು ಎತ್ತುವಂತಿಲ್ಲ.

ಹಾಗಾಗಿ ‘ಬಾರೋ’ ಬಂದು ನಾನು ಗಾಂಧಾರದಲ್ಲಿ ನಿಂತ ಕೂಡಲೇ ಕೋಮಲಾ ಮೇಲಿನಿಂದ ಜಾರಿಕೊಂಡು ನನ್ನ ಹತ್ತಿರ ಬಂದುಬಿಡುತ್ತಿದ್ದಳು. ಕಾಂತರಾಜು ಕೆಳಗಿನಿಂದ ಹತ್ತಿ ಬರುತ್ತಿದ್ದ. ಶಿವಪ್ರಸಾದನ ಬೆರಳು ಕೂಡ ಅವನಿಗೆ ತಿಳಿಯದಂತೆ ನನ್ನ ಸ್ವರದ ಮನೆಯನ್ನೇ ಒತ್ತುತ್ತಿತ್ತು. ನಾಲ್ವರೂ ಗಾಂಧಾರದಲ್ಲಿ, ಒಂದೇ ಕೊಡೆಯ ಕೆಳಗೆ ನುಗ್ಗಿದವರ ಹಾಗೆ.

“ಯಾಕೋ ಬಂದೆ?” ಎಂದು ಶಿವಪ್ರಸಾದ ಕಾಂತರಾಜುವನ್ನು ಬೈದ.

“ಅವ್ಳು ಪಾಪ ಒಬ್ಳೇ ಇದ್ಲಲ್ಲೋ.”

“ಒಬ್ಳೇ ಇರ್ಬೇಕು ಕಣೋ, ಅದೇ ಹಾರ್ಮನಿ!”

“ಅದೆಂಥ ಹಾರ್ಮನೀನಪ್ಪಾ, ಜೊತೇಲಿ ಬಂದೋರ್ನ ನಡುದಾರೀಲಿ ಬಿಡೋದು? ನೀನೂ ಬಂದ್ಯಲ್ಲ, ಮೊದ್ಲು ನಿನ್ ಬೆರಳಿಗೆ ಬುದ್ಧಿ ಹೇಳು.”

ಉಪಾಯಗಳು ನಡೆದವು. ಕೋಮಲಾ ಕಿವಿಗೆ ಹತ್ತಿ ಇಟ್ಟುಕೊಂಡಳು. ಹಾಡು ಮುಗಿದ ಮೇಲೂ ಹಾಡುತ್ತಲೇ ಇದ್ದಳು. ಬೆನ್ನಿಗೆ ಬೆನ್ನು ಕೊಟ್ಟು ನಿಂತೆವು. ಬೆನ್ನು ಅದುರಿದ್ದಕ್ಕೆ ನಗು ಬಂದು ಹಾಡೇ ನಿಂತಿತು. ಕಾಂತರಾಜುವನ್ನು ತರಗತಿಯ ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸಿದೆವು, ಪ್ರಿನ್ಸಿಪಾಲರು ಬಂದು, “ಏನು ತಪ್ಪು ಮಾಡ್ದೆ?” ಎಂದು ಕೇಳಿದರು. “ಷಡ್ಜ ಬಿಟ್ಟೆ ಸಾರ್” ಎಂದ. ಅವರಿಗೆ ಏನು ಅರ್ಥವಾಯಿತೋ, “ಇನ್ನು ಮುಂದೆ ಬಿಡ್ಬೇಡ” ಎಂದು ಹೋದರು.

ಎಲ್ಲರೂ ನಗುತ್ತಿದ್ದೆವು. ನಾನೂ. ಆದರೆ ಪ್ರತಿ ಸಲ ಅವರು ಓಡಿ ಬಂದು ನನ್ನ ಸ್ವರದಲ್ಲಿ ಸೇರಿಕೊಂಡಾಗ, ಒಳಗೆ ಏನೋ ಮುದುಡುತ್ತಿತ್ತು. ‘ಬರಬೇಡಿ’ ಎನ್ನುವುದು ಹೇಗೆ? ಪ್ರೀತಿಯಿಂದ ಬಂದವರಿಗೆ?

ಒಂದೇ ಒಂದು ಸಲ ಅದು ಆಯಿತು. ಬೀರೂರಿನಲ್ಲಿ, ಸಂಜೆ. ನಾವು ‘ನೆರಳಿಗೆ’ಗೆ ಬರುವ ಹೊತ್ತಿಗೆ ಗೂಡ್ಸ್ ಗಾಡಿಯೊಂದು ನಿಲ್ಲದೆ ನುಗ್ಗಿತು. ಪ್ಲಾಟ್‌ಫಾರಂ ನಡುಗಿತು. ಯಾರಿಗೂ ಯಾರ ದನಿಯೂ ಕೇಳಿಸಲಿಲ್ಲ. ನಿಲ್ಲಿಸಲು ಮನಸ್ಸಿಲ್ಲದೆ, ಒಬ್ಬರ ಮುಖ ಒಬ್ಬರು ನೋಡುತ್ತಾ, ಗಂಟಲು ಹರಿದುಹೋಗುವಂತೆ ‘ಬಾರೋ’ ಎಂದು ಎಳೆದೆವು. ಉಸಿರು ಮುಗಿದರೆ ಮತ್ತೆ ತೆಗೆದುಕೊಂಡು ಮತ್ತೆ ‘ಬಾರೋ’. ಕೊನೆಯ ಡಬ್ಬಿ ದಾಟಿತು. ಸದ್ದು ಹಳಿಯ ಮೇಲೆ ದೂರ ಸರಿಯಿತು.

ನಾವು ಮೂವರೂ ಮೂರು ಕಡೆ ನಿಂತಿದ್ದೆವು. ಕೋಮಲಾ ಮೇಲೆ, ನಾನು ನಡುವೆ, ಕಾಂತರಾಜು ಕೆಳಗೆ. ಇನ್ನೂ ನಾಲ್ಕನೆಯವರು ಯಾರೋ ಹಾಡುತ್ತಿದ್ದಾರೇನೋ ಅನ್ನುವಷ್ಟು ತುಂಬಿಕೊಂಡಿತ್ತು ಗಾಳಿ. ಬೆಂಚಿನ ಮೇಲೆ ಮಲಗಿದ್ದ ಮುದುಕರೊಬ್ಬರು ಎದ್ದು ಕೂತರು. ಕೋಮಲಾಳ ಕಣ್ಣು ದೊಡ್ಡದಾಯಿತು. ನನ್ನ ತೋಳಿನ ಮೇಲೆಲ್ಲ ನವಿರೆದ್ದಿತು.

ಆಮೇಲೆ, ಕಿವಿ ತೆರೆದುಕೊಂಡ ಕೂಡಲೇ, ಇಬ್ಬರೂ ನನ್ನ ಹತ್ತಿರ ಓಡಿ ಬಂದರು.

“ಥೂ!” ಎಂದ ಶಿವಪ್ರಸಾದ. “ಸ್ಟೇಜ್ ಮೇಲೆ ಗೂಡ್ಸ್ ಗಾಡಿ ಎಲ್ಲಿಂದ ತರ್ಲಿ ನಾನು?”

ಸ್ಪರ್ಧೆಯ ಹಿಂದಿನ ದಿನ ಭಾನುವಾರ, ಕೊನೆಯ ಅಭ್ಯಾಸ ಶಿವಪ್ರಸಾದನ ಮನೆಯ ಪಡಸಾಲೆಯಲ್ಲಿ. ಅವನ ತಾಯಿ ಅವಲಕ್ಕಿ ಒಗ್ಗರಣೆ ಕೊಟ್ಟರು. ಅವನ ಅಜ್ಜ ಈರಭದ್ರಪ್ಪನವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಸೋಮವಾರದ ಭಜನೆಗೆ ತಾಳ ಹಿಡಿಯುವವರು ಅವರೇ.

ಅವತ್ತು ಕೋಮಲಾ ಕಣ್ಣು ಮುಚ್ಚಿ, ಮುಷ್ಟಿ ಬಿಗಿಹಿಡಿದು ಪಂಚಮದಲ್ಲಿ ನಿಂತಳು. ಕಾಂತರಾಜು ತನ್ನ ಕಿವಿಯನ್ನು ತಾನೇ ತಿರುಚಿಕೊಂಡು ಷಡ್ಜದಲ್ಲಿ ನಿಂತ. ನಾನು ಗಾಂಧಾರಕ್ಕೆ ಇಳಿದೆ. ಆಗುತ್ತಿದೆ, ಆಗುತ್ತಿದೆ ಅನ್ನುವಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಟಣ್ ಎಂದು ತಾಳ ಬಡಿಯಿತು. ಅಜ್ಜ ಯಾವಾಗ ಎದ್ದು ಬಂದರೋ! ನನ್ನ ಭುಜಕ್ಕೆ ಭುಜ ತಾಗಿಸಿ ಕೂತು, ನನ್ನ ಕಿವಿಯೊಳಕ್ಕೆ ಪಂಚಮ ಹಾಡತೊಡಗಿದರು. ತಲೆಯಾಡಿಸಿ ಸನ್ನೆ ಬೇರೆ: ಬಾ, ಬಾ, ಹಿಂಗೆ ಬಾ.

ಹಾಡು ಕುಸಿದುಬಿತ್ತು. ಕಾಂತರಾಜು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅಜ್ಜನಿಗೆ ಸಿಟ್ಟು ಬಂತು. “ನಗ್ತೀರಲ್ರೋ? ಈ ಹೆಣ್ಮಗು ಅಲ್ಲಿ ಒಂಟಿಯಾಗಿ ಅಲೀತಾ ಐತೆ, ನೀವೆಲ್ಲಾ ದೂರ ನಿಂತ್ಕೊಂಡು ನೋಡ್ತೀರಾ? ಯಾರೋ ನಿಮಗೆ ಹಾಡು ಹೇಳ್ಕೊಟ್ಟೋರು?”

“ಅಜ್ಜಾ, ಅದು ಹಾರ್ಮನಿ…”

“ಏನಾದ್ರೂ ಆಗ್ಲಿ. ಮಗೀನ ಕರ್ಕಂಬರ್ರಿ ಮೊದ್ಲು.”

ಅಷ್ಟರಲ್ಲಿ ಮಲ್ಲಿಕಾಂಬ ಮೇಡಂ ಫೋನು. ಶಿವಪ್ರಸಾದ ಸ್ಪೀಕರಿಗೆ ಹಾಕಿದ. “ಆಯ್ತೇನಪ್ಪಾ?” ಎಂದರು. ಅವನು ಆಗಿಲ್ಲ ಎಂದ. ಮೇಡಂ, “ಹಂಗಾದ್ರೆ ಎಲ್ಲಾ ಒಂದೇ ದನೀಲಿ ಹಾಡಿಬಿಡ್ರಿ. ಚೆನ್ನಾಗೇ ಇರುತ್ತೆ. ಸುಮನಾ ಪಾಪ ಮೊದಲೇ ಸಂಕೋಚದ ಹುಡುಗಿ, ಅವಳನ್ನ ಒಬ್ಬಳನ್ನೇ ನಿಲ್ಸೋದ್ಯಾಕೆ? ಯೋಚ್ನೆ ಮಾಡಿ ಹೇಳು, ಯಾವ ಥರ ಹಾಡ್ತೀರಂತ ಆರ್ಗನೈಸರ್‌ಗೆ ನಾನೀಗ ಬರೆದು ಕಳಿಸ್ಬೇಕು. ಲೈನಲ್ಲೇ ಇರ್ತೀನಿ” ಎಂದರು.

ಕೋಮಲಾ ನಿಟ್ಟುಸಿರು ಬಿಟ್ಟು ನನ್ನ ಕೈ ಹಿಡಿದಳು. “ಸದ್ಯ, ನಿಂಗೂ ಹಿಂಸೆ ತಪ್ತು ಕಣೇ. ನನ್ ಜೊತೇಲೇ ನಿಂತ್ಕೊಂಡು ಹಾಡು. ನಾನಿದ್ದೀನಲ್ಲ.”

“ನಮ್ದೇ ತಪ್ಪು ಸುಮನಾ,” ಎಂದ ಕಾಂತರಾಜು, ಈಗ ನಗದೆ. “ನಿನ್ನನ್ನ ಸುಮ್ನೆ ಅಲ್ಲಿ ಸಿಗಾಕಿಸಿಬಿಟ್ವಿ.”

ಶಿವಪ್ರಸಾದ ಹಾರ್ಮೋನಿಯಂನ ತಿದಿ ಮುಚ್ಚಿದ. ಫೋನನ್ನು ನನ್ನ ಕಡೆ ಹಿಡಿದು, “ನೀನೇ ಹೇಳ್ಬಿಡು. ಬೇಡ ಅಂದ್ರೆ ಬೇಡ” ಎಂದ.

ಎಷ್ಟು ಒಳ್ಳೆಯವರು ಇವರೆಲ್ಲ! ತಲೆಯಾಡಿಸಿದರೆ ಸಾಕಿತ್ತು. ಇಷ್ಟು ವರ್ಷ ತಲೆಯಾಡಿಸಿಯೇ ಬದುಕಿದವಳು ನಾನು. ಆದರೆ ಇವತ್ತು ತಲೆಯಾಡಿಸಿದರೆ ಆ ಗಾಂಧಾರ ಇನ್ನು ಪಾತ್ರೆ ತೊಳೆಯುವ ನಲ್ಲಿಯ ಕೆಳಗೆ ಮಾತ್ರ. ಗೂಡ್ಸ್ ಗಾಡಿ ಹೋದ ಮೇಲಿನ ಆ ಒಂದು ಗಳಿಗೆ ನೆನಪಾಯಿತು. ಆಗ ನಾನು ಕೇಳಿಸಿಕೊಂಡದ್ದು ನನ್ನ ದನಿಯನ್ನಲ್ಲ. ಕೋಮಲಾಳ ದನಿಯ ಅಂಚಿನಲ್ಲಿ ಒಂದು ಸಣ್ಣ ನಡುಕ ಇರುವುದು, ಕಾಂತರಾಜುವಿನ ದನಿ ಎದೆಯಿಂದಲ್ಲ, ಇನ್ನೂ ಕೆಳಗಿನಿಂದ ಬರುವುದು, ಅವತ್ತೇ ನನಗೆ ಗೊತ್ತಾದದ್ದು.

ಅಜ್ಜ ಇನ್ನೂ ಪಕ್ಕದಲ್ಲೇ ಇದ್ದರು, ತಾಳ ಹಿಡಿದು, ಕರೆದೊಯ್ಯಲು ಸಿದ್ಧರಾಗಿ. ಮೊದಲ ಮಾತು ಅವರಿಗೇ ಹೇಳಿದೆ. ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

“ನಾನು ದಾರಿ ತಪ್ಪಿಲ್ಲ ಅಜ್ಜಾ. ಬೇಕು ಅಂತ್ಲೇ ಅಲ್ಲಿ ನಿಂತಿರೋದು. ನೀವೆಲ್ಲಾ ನಿಮ್ಮ ನಿಮ್ಮ ಜಾಗದಲ್ಲಿದ್ರೆ ಒಬ್ಬೊಬ್ರ ದನೀನೂ ನಂಗೆ ಕೇಳ್ಸುತ್ತೆ. ಎಲ್ಲಾ ನನ್ನ ಹತ್ರ ಬಂದ್ಬಿಟ್ರೆ ಯಾರೂ ಕೇಳ್ಸಲ್ಲ, ಆವಾಗ್ಲೇ ನಾನು ಒಬ್ಳೇ ಆಗೋದು. ಬರ್ಬೇಡಿ ಕಣ್ರೋ. ನಂಗೆ ಆ ಸ್ವರ ಭಾಳ ಇಷ್ಟ, ನಾನೇ ಹಾಡ್ತೀನಿ.”