ತಿರುವಿನಲ್ಲಿ ನಿಂತ ಹಸಿರು ಎಂಜಿನ್

ಮತ್ತೆ ಅಲ್ಲೇ ನಿಂತಿತು, ತಿರುವಿನಲ್ಲಿ, ರಟ್ಟಿನ ಸ್ಟೇಷನ್ನಿಗೆ ಇನ್ನೊಂದು ಗೇಣು ಇರುವಾಗ, ಹಸಿರು ಎಂಜಿನ್ನು ಒಮ್ಮೆ ಬಿಕ್ಕಿ ಸುಮ್ಮನಾಯಿತು, ಅವಳು ಬೆರಳಿನಿಂದ ನೂಕಿದಳು, ಎರಡು ಅಂಗುಲ ಹೋಗಿ ಮತ್ತೆ ಮುಷ್ಕರ — ಅಪ್ಪ ನೋಡುತ್ತಿದ್ದಾರೆ, ನೋಡದೆ ಇನ್ನೇನು ಮಾಡುತ್ತಾರೆ, ಕುರ್ಚಿಯನ್ನು ಈ ಆಟದ ರೈಲಿನ ಹಲಗೆಯ ಪಕ್ಕ ಎಳೆದು ಹಾಕಿದ್ದು ಅವಳೇ, ಇಷ್ಟವಾಗಿದ್ದನ್ನ ಕಣ್ಣೆದುರು ಇಡಿ, ಮಾತು ಬಂದ್ರೂ ಬರಬಹುದು ಅಂದಿದ್ದರು ಡಾಕ್ಟರು, ಎರಡು ತಿಂಗಳಿಂದ ಅಪ್ಪನ ಮೈಯಲ್ಲಿ ಹೇಳಿದಂತೆ ಕೇಳುವುದು ಎಡಗೈಯ ಒಂದು ಬೆರಳು ಮಾತ್ರ, ಬೆಳಿಗ್ಗೆಯೆಲ್ಲ ಅದು ಏಳುತ್ತಲೇ ಇತ್ತು, ನೀರು ಬೇಕೇನಪ್ಪಾ, ಕುಡಿಸಿದಳು, ಗಲ್ಲದ ಮೇಲೆ ಹರಿದದ್ದನ್ನು ಒರೆಸಿದಳು, ಮತ್ತೆ ಎದ್ದಿತು, ಫ್ಯಾನ್ ಹಾಕೇ, ಸೆಕೆಗೆ ಒದ್ದಾಡ್ತಿದ್ದಾರೆ ಎಂದು ಅಡುಗೆಮನೆಯಿಂದ ಅಮ್ಮ, ಹಾಕಿದಳು, ಮತ್ತೆ ಎದ್ದಿತು, ಕಿಟಕಿ ತೆರೆದಳು. ಮಾತಿದ್ದಾಗ ಅಪ್ಪ ಅನ್ನುತ್ತಿದ್ದರು, ಅವಸರ ಮಾಡ್ಬೇಡ ಮಗಳೇ, ಮೊದ್ಲು ಕರೆಂಟ್ ಎಲ್ಲಿವರೆಗೆ ಬರ್ತಿದೆ ನೋಡು, ಆಮೇಲೆ ಹಳಿ, ಆಮೇಲೆ ಚಕ್ರ, ಎಂಜಿನ್ ಬಿಚ್ಚೋದು ಕಟ್ಟಕಡೆಗೆ — ಗಡಿಯಾರ ರಿಪೇರಿ ಮಾಡುತ್ತಿದ್ದವರ ನಾಲಿಗೆ, ಯಾವಾಗಲೂ ಕಟ್ಟಕಡೆಗೆ — ಅದೇ ಪ್ರಕಾರ ನೋಡಿದ್ದಾಳೆ, ಮೀಟರಿನ ಮುಳ್ಳು ತಿರುವಿನಾಚೆಗೂ ಹನ್ನೆರಡು ವೋಲ್ಟಿಗೆ ಏಳುತ್ತದೆ, ಹಳಿಗಳ ಜೋಡುಪಟ್ಟಿ ಬಿಗಿದಾಯಿತು, ಚಕ್ರಕ್ಕೆ ಸ್ಪಿರಿಟ್ ಹಚ್ಚಿ ಒರೆಸಿದಾಯಿತು, ಹಳಿಯ ಮಡ್ಡಿ ಮಾತ್ರ ಬಟ್ಟೆಗೆ ಬಗ್ಗಲಿಲ್ಲ, ಆಗ ಅಮ್ಮ ಪಾತ್ರೆ ತಿಕ್ಕುವ ಉಕ್ಕಿನ ನಾರು ತಂದುಕೊಟ್ಟು, ತಳ ಹಿಡಿದ ಪಾತ್ರೇನೇ ಹೊಳೆಯುತ್ತೆ, ನಿಮ್ಮಪ್ಪನ ಈ ಎರಡನೇ ಸಂಸಾರ ಯಾವ ಲೆಕ್ಕ ಎಂದು ನಕ್ಕಳು, ತಿಂಗಳುಗಳ ಮೇಲೆ ನಕ್ಕಳು, ಮಗಳೂ ಮೊಣಕಾಲೂರಿ ಗಸಗಸ ತಿಕ್ಕಿದಳು, ಹಳಿ ಬೆಳ್ಳಿಯಾಯಿತು, ಅರ್ಧ ಸುತ್ತು ಚೆನ್ನಾಗಿಯೇ ಓಡಿತು, ಅಪ್ಪನ ಕಣ್ಣು ಅದರ ಹಿಂದೆಯೇ ಓಡಿತು, ಆಮೇಲೆ ನಿಧಾನ, ಆಮೇಲೆ ಬಿಕ್ಕು, ಈಗ ಸುಟ್ಟ ವಾಸನೆ — ಸ್ವಿಚ್, ಸ್ವಿಚ್ ಆರಿಸು — ಬಿಚ್ಚುತ್ತಾಳೆ, ಎರಡೇ ತಿರುಪು, ಅಪ್ಪನ ಸಣ್ಣ ತಿರುಪುಳಿ ಅವಳ ಬೆವರಿನಲ್ಲಿ ಜಾರುತ್ತದೆ, ಹಸಿರು ಚಿಪ್ಪು ಮೇಲೆದ್ದು ಬಂತು, ಒಳಗೆ ಕೂದಲು, ಬೂದು ಕೂದಲು, ಅಲ್ಲ, ಉಕ್ಕಿನ ಎಳೆಗಳು, ಹಳಿಯ ಮೇಲೆ ಬಿದ್ದ ಚೂರುಗಳನ್ನೆಲ್ಲ ಮೋಟಾರಿನ ಅಯಸ್ಕಾಂತ ಓಡುತ್ತಲೇ ಹೆಕ್ಕಿ ಹೆಕ್ಕಿ ನುಂಗಿದೆ, ತಾಮ್ರದ ಸುರುಳಿ ಕಪ್ಪಾಗಿದೆ, ಅಯಸ್ಕಾಂತ ಅಂದರೇನು ಎಂದು ಹತ್ತು ಅಂಕಕ್ಕೆ ಬರೆದವಳು, ಪದವೀಧರೆ, ಹಾಗಾದರೆ ಬೆರಳು ಎದ್ದದ್ದು ಯಾವಾಗ, ನಾರು ಕೈಗೆ ಬಂದಾಗ, ಪ್ರತಿಸಲ ತಿಕ್ಕಿದಾಗ, ಅವಳ ಮುಷ್ಟಿಯ ಕಡೆಗೆ, ನೀರಿನ ಕಡೆಗಲ್ಲ, ಫ್ಯಾನಿನ ಕಡೆಗಲ್ಲ, ಬೇಡ ಬೇಡ ಎಂದು ಇಡೀ ಬೆಳಿಗ್ಗೆ ಕೂಗಿದ್ದಾರೆ, ಅವಳು ನೀರು ಕುಡಿಸಿದ್ದಾಳೆ, ಅಪ್ಪಾ, ಗೊತ್ತಾಯ್ತಪ್ಪಾ, ಇದೇ ತಾನೇ, ಇನ್ನೊಂದ್ಸಲ ತೋರಿಸು, ಅಪ್ಪ ರೆಪ್ಪೆ ಬಡಿಯುತ್ತಾ ತೆರೆದ ಕಿಟಕಿಯ ಕಡೆ ನೋಡುತ್ತಿದ್ದಾರೆ, ಹಲಗೆಯ ಕಡೆಗಲ್ಲ, ಇನ್ನೊಂದೇ ಸಲ, ಬೆರಳು ಕುರ್ಚಿಯ ಕೈಮೇಲೆ, ಇಳಿದು, ಮಲಗಿದೆ, ಬೆರಳು, ಏಳುವುದಿಲ್ಲ, ಬೆರಳು