ಹದಿನಾರು ಲಾಂಛನ, ಮೂರು ಹೆಸರು

ಎಳ್ಳುನೀರು ಹಿಡಿದ ಇಂಚರಳ ಅಂಗೈ ತಟ್ಟೆಯ ಮೇಲೆ ಹಾಗೇ ನಿಂತಿತ್ತು. ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ಫ್ಲಾಟಿನ ಕೆಳಗಿನ ಹಾಲಿನಲ್ಲಿ, ಅವಳ ಅಪ್ಪ ರತ್ನಾಕರನ ದೇಹದ ಪಕ್ಕ ಕುಳಿತ ತಮಿಳು ಪುರೋಹಿತರು ಎರಡನೇ ಸಲ ಹೆಸರು ಕೇಳಿದರು.

"ಅವರ ಅಪ್ಪ, ತಾತ, ಮುತ್ತಾತ. ಮೂರು ಪೇರು ಸೊಲ್ಲುಂಗಮ್ಮಾ."

ಪ್ರಶ್ನೆ ವಾಸಂತಿಗೆ. ಗಂಡ ಹೋದ ದುಃಖವನ್ನು ಹೇಗೋ ನುಂಗಿಕೊಂಡಿದ್ದವಳು ಈಗ ಓರೆಗಣ್ಣಿನಲ್ಲಿ ಅಣ್ಣನನ್ನು ನೋಡಿದಳು.

"ನಿನ್ ಮದ್ವೇಲಿ, ಧಾರೆ ಹೊತ್ನಲ್ಲಿ ಹೇಳಿದ್ರಲ್ಲೇ," ಎಂದ ಅಣ್ಣ ತಿಮ್ಮಪ್ಪ. "ನಂಗೇ ನೆನಪಿದೆ, ನಿಂಗೆ ಮರ್ತೋಯ್ತಾ?"

ಅಣ್ಣನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತು.

*

ಸಂಜೆ ತರಗತಿಯಲ್ಲಿ ಜರ್ಮನ್ ಕಲಿತ ರತ್ನಾಕರ, ಹಳೆಯ ದಸ್ತಾವೇಜುಗಳನ್ನು ಕಂಪ್ಯೂಟರಿಗೆ ಏರಿಸುವ ಕಂಪನಿಯಲ್ಲಿದ್ದ. ಹನ್ನೊಂದು ವರ್ಷದ ಹಿಂದೆ, ನಾಲ್ಕು ಶತಮಾನದ ಹಿಂದಿನ ಡೀಟ್ರಿಶ್ ಎಂಬ ಜರ್ಮನ್ ಸಾಮಂತನ ಮನೆತನದ ಕಾಗದಗಳು ಅವನ ಪಾಲಿಗೆ ಬಂದವು. ಊಟಕ್ಕೆ ಕೂತರೂ ಅದೇ ಮಾತು: ಡೀಟ್ರಿಶ್‌ನ ಮೂವರು ಹೆಂಡಿರು, ಉಳಿದ ಒಬ್ಬಳೇ ಮಗಳು.

"ಅವನ ಶವಪೆಟ್ಟಿಗೆ ಸುತ್ತ ಹದಿನಾರು ಹಿರಿಯರ ಮನೆತನದ ಲಾಂಛನ ಇಟ್ರಂತೆ ಕಣೆ. ಪೂರ್ವಜರೆಲ್ಲ ಕುಲೀನರು ಅಂತ ತೋರ್ಸೋಕೆ. ಅದ್ರಲ್ಲೊಂದು ಸುಳ್ಳು! ಆ ಲಾಂಛನದ ಅಜ್ಜ ನೇಕಾರ. ಇವತ್ತು ಕಾಗದ ಸಿಕ್ತು."

"ಪಾಪ, ಜೀವನವೆಲ್ಲ ಹೆದರ್ಕೊಂಡೇ ಇದ್ನೇನೋ," ಎಂದಳು ವಾಸಂತಿ.

ನಗುತ್ತಿದ್ದ ರತ್ನಾಕರ ಅತ್ತುಬಿಟ್ಟ, ಅಂದೇ ಮೊದಲ ಸಲ ನಿಜ ಹೇಳಿದ. ಅವನು ಬೆಳೆದದ್ದು ಹಾಸನದ ಒಂದು ಅನಾಥಾಲಯದಲ್ಲಿ. ಧಾರೆಯಲ್ಲಿ ಅಪ್ಪ ಎಂದದ್ದು ಅಲ್ಲಿಯ ಅಡುಗೆಯ ಶೇಷಪ್ಪನನ್ನು, ತಾತ ಎಂದದ್ದು ವಾರ್ಡನ್ ನಂಜುಂಡಯ್ಯನವರನ್ನು, ಮುತ್ತಾತ ಎಂದದ್ದು ಗೇಟು ಕಾಯುವ ಬೋರಯ್ಯನನ್ನು.

"ನಿಮ್ಮಣ್ಣಂಗೆ ಗೊತ್ತಾದ್ರೆ ಮುಗೀತು," ಎಂದಿದ್ದ.

*

"ಆ ಹೆಸರು ಬೇಡ ಅಣ್ಣ," ಎಂದಳು ವಾಸಂತಿ. "ಸುಳ್ಳು ಹೆಸರಿನ ಮೇಲೆ ಅವರನ್ನ ಕಳಿಸಲಾರೆ. ಅವರು ಅನಾಥಾಲಯದವರು."

"ವಾಟ್? ಅಪ್ಪಾ?" ಇಂಚರ ತಲೆಯೆತ್ತಿದಳು.

"ಇಷ್ಟೇನಾ?" ಎಂದ ತಿಮ್ಮಪ್ಪ. "ಮದುವೆಗೆ ಮುಂಚೆ ವಿಚಾರಿಸೋಕೆ ಹಾಸನಕ್ಕೆ ಹೋದಾಗ್ಲೇ ಆ ಅನಾಥಾಲಯ ನೋಡಿದ್ದೆ. ಆ ಶೇಷಪ್ಪನೇ ನಂಗೆ ಚಿತ್ರಾನ್ನ ಬಡಿಸ್ದ. ಧಾರೇಲಿ ಅದೇ ಹೆಸರು ಕೇಳಿ, ನಗು ತಡೆಯೋಕೆ ಶಲ್ಯ ಬಾಯಿಗೆ ತುರುಕ್ಕೊಂಡಿದ್ದೆ."

"ಮೂವತ್ತು ವರ್ಷ ಒಂದ್ಮಾತೂ ಆಡ್ಲಿಲ್ವಲ್ಲೋ!"

"ನೀನೆಲ್ಲಿ ಬೇಡ ಅಂತೀಯೋ ಅಂತ ಭಯ ಇತ್ತು. 'ನಮ್ಮ ಹುಡುಗ, ನೋಡ್ಕೊಳಿ ಸ್ವಾಮಿ' ಅಂತ ಶೇಷಪ್ಪ ಕೈ ಹಿಡ್ಕೊಂಡ. ಇನ್ನೇನೇ ವಿಚಾರ್ಸೋದು?"

ವಾಸಂತಿಗೆ ನಗು ಬಂತು. ಹೆಣದ ಮುಂದೆ ಕೂತು ನಗಬಾರದೆಂದುಕೊಂಡಷ್ಟೂ ಬಂತು. ಹನ್ನೊಂದು ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಒಮ್ಮೆಲೇ ಹೊರಗೆ ಬಿತ್ತು.

"ಸೋ, ಯಾವ ನೇಮ್ ಹೇಳ್ಲಿ ಅಮ್ಮಾ?" ಎಂದಳು ಇಂಚರ, ಮಲೇಷ್ಯಾದ ಧಾಟಿಯಲ್ಲಿ. "ಕೈ ನೋಯ್ತಿದೆ ಲಾ."

"ಸಾಕಿದವ್ರ ಪೇರೇ ಸೊಲ್ಲುಂಗ, ಪರವಾಯಿಲ್ಲೆ," ಎಂದರು ಪುರೋಹಿತರು.

ವಾಸಂತಿ ಕಣ್ಣೊರೆಸಿಕೊಂಡು, ಹಾಲಿಗೆಲ್ಲ ಕೇಳುವಂತೆ ಒಂದೊಂದೇ ಹೆಸರು ಹೇಳಿದಳು. ಇಂಚರ ಪ್ರತಿ ಹೆಸರಿಗೂ ನೀರು ಬಿಟ್ಟಳು.

ಮೂರನೆಯದಕ್ಕೆ, ಗೇಟು ಕಾಯುತ್ತಿದ್ದ ಬೋರಯ್ಯನ ಹೆಸರಿಗೆ, ತಿಮ್ಮಪ್ಪ ಕುರ್ಚಿಯಿಂದ ಎದ್ದು ನಿಂತು ಕೈಮುಗಿದ.